ಹಳೆಯ ಮೊಬೈಲಿನ ‘ಎ ಗ್ರೇಡ್’: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಬಯಿ, ಪುಣೆ, ಗೋವಾಗಳಲ್ಲಿ ಹಳೆಯ ಮೊಬೈಲ್ ಫೋನುಗಳನ್ನು ಸಗಟಾಗಿ ಕೊಂಡು ಮಾರುವ ಕನ್ನಡಿಗರಿಂದ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ: ಫೋನಿನ ಹೊರನೋಟಕ್ಕೆ ದರ್ಜೆ ಕೊಡುವುದು ಹೇಗೆ, ಬೇರೆಯವರು ಕೊಟ್ಟ ದರ್ಜೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿಯಿದೆ. ಮುಂಬಯಿಯ ಸಗಟು ವ್ಯಾಪಾರಿಯೊಬ್ಬರಿಂದ ಒಂದೇ ಮಾದರಿಯ 50 ಹಳೆಯ ಫೋನುಗಳ ಲಾಟನ್ನು ‘ಎ ಗ್ರೇಡ್’ ಎಂಬ ಮಾತಿನ ಮೇಲೆ ತಲಾ 6,200 ರೂಪಾಯಿಗೆ ಕೊಂಡೆ. ಅಂಗಡಿಗೆ ತಂದು ಬಿಚ್ಚಿದಾಗ 14 ಫೋನುಗಳ ಗಾಜಿನ ಮೇಲೆ ಎದ್ದು ಕಾಣುವ ಗೀರುಗಳಿದ್ದವು, ಇನ್ನು ಮೂರರ ಮೂಲೆಗಳಲ್ಲಿ ಡೆಂಟುಗಳಿದ್ದವು. ಕೇಳಿದರೆ, ‘ನಮ್ಮಲ್ಲಿ ಎ ಅಂದರೆ ಇದೇ’ ಎನ್ನುತ್ತಾರೆ. ಎಲ್ಲರಿಗೂ ಅನ್ವಯಿಸುವ ಒಂದು ನಿಯಮ ಇಲ್ಲವೇ? – ಓದುಗರು, ಡೊಂಬಿವಲಿ

ಉತ್ತರ: ಇಲ್ಲ. ಹಳೆಯ ಫೋನಿನ ಹೊರನೋಟವನ್ನು ಅಳೆಯಲು ನಮ್ಮ ಪೇಟೆಯ ವ್ಯಾಪಾರಿಗಳೆಲ್ಲರೂ ಪಾಲಿಸುವ ಒಂದೇ ಅಳತೆಗೋಲು ಇಲ್ಲ. ಹೊರದೇಶಗಳಲ್ಲಿ ಲಿಖಿತ ಮಾನದಂಡಗಳು ಇವೆ. ಅಮೆರಿಕದ ವೈರ್‌ಲೆಸ್ ಉದ್ಯಮದ ಸಂಘವಾದ ಸಿಟಿಐಎ, ಹಳೆಯ ಫೋನುಗಳ ದರ್ಜೆಗಳಿಗೆ ವ್ಯಾಖ್ಯೆಗಳನ್ನು ಪ್ರಕಟಿಸಿದೆ. ಎಲೆಕ್ಟ್ರಾನಿಕ್ ವಸ್ತುಗಳ ಮರುಬಳಕೆಗೆ ಸಂಬಂಧಿಸಿದ ಆರ್2 ಮಾನದಂಡದ 2020ರ ಆವೃತ್ತಿಯು ಹೊರನೋಟಕ್ಕೆ ಒಂದು ವರ್ಗ, ಕೆಲಸ ಮಾಡುವ ಸ್ಥಿತಿಗೆ ಇನ್ನೊಂದು ವರ್ಗ ಎಂದು ಬೇರ್ಪಡಿಸಿದೆ. ಆದರೆ ಇವೆಲ್ಲ ಒಪ್ಪಿಕೊಂಡವರಿಗಷ್ಟೇ ಅನ್ವಯಿಸುತ್ತವೆ. ಮುಂಬಯಿಯ ಮನೀಷ್ ಮಾರ್ಕೆಟ್ಟಿನಲ್ಲಾಗಲಿ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ‘ಎ’ ಎಂಬ ಅಕ್ಷರಕ್ಕೆ ಅದನ್ನು ಹೇಳುವವರು ಕೊಟ್ಟ ಅರ್ಥವೇ ಅರ್ಥ.

ಶಿವಮೊಗ್ಗ, ಶಿರಸಿ ಕಡೆಯ ಅಡಿಕೆ ಮಂಡಿಯನ್ನು ಬಲ್ಲವರು ಯೋಚಿಸಿ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳ ಹಿಂದೆ ತಲೆಮಾರುಗಳ ರೂಢಿಯಿದೆ, ಜೊತೆಗೆ ಅಲ್ಲಿ ಮಾಲನ್ನು ಕಣ್ಣಾರೆ ಕಂಡು ಬೆಲೆ ಕಟ್ಟುತ್ತಾರೆ. ಹಳೆಯ ಫೋನಿನ ಪೇಟೆಗೆ ಆ ರೂಢಿ ಇನ್ನೂ ಬಂದಿಲ್ಲ. ಇಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಸಾಲಿನ ಸಂದೇಶವನ್ನು ನಂಬಿ ಲಕ್ಷಗಟ್ಟಲೆ ಹಣ ಕೊಡುವವರಿದ್ದಾರೆ. ಹಾಗಾಗಿ ‘ಎ’ ಎಂಬ ಅಕ್ಷರದ ಎದುರಿಗೆ ಅದರ ವಿವರಣೆಯನ್ನು ಮಾರುವವರ ಕೈಯಲ್ಲೇ ಬರೆಸಿಕೊಳ್ಳದೆ ಮುಂಗಡ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಬಳಸುವ ವಿವರಣೆಯನ್ನು ಹೇಳುತ್ತೇನೆ, ಬೇಕಾದರೆ ನಿಮ್ಮ ವ್ಯಾಪಾರಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಪರದೆಯನ್ನು ಆರಿಸಿ, ಫೋನನ್ನು ಒಂದು ತೋಳಿನ ದೂರದಲ್ಲಿ ಬಿಳಿ ಬೆಳಕಿಗೆ ಹಿಡಿದಾಗ ಏನೂ ಕಾಣದೆ, ಹತ್ತಿರ ತಂದು ಓರೆ ಮಾಡಿದಾಗ ಮಾತ್ರ ಒಂದೆರಡು ಕೂದಲೆಳೆಯಂಥ ಗೀರುಗಳು ಕಂಡರೆ ಅದು ಎ. ತೋಳಿನ ದೂರದಿಂದಲೇ ಗೀರು ಕಾಣುತ್ತಿದ್ದು, ಉಗುರು ಎಳೆದರೆ ಎಲ್ಲಿಯೂ ತಡೆಯದಿದ್ದರೆ, ಅಥವಾ ಚೌಕಟ್ಟಿನ ಬಣ್ಣ ಅಲ್ಲಲ್ಲಿ ಸವೆದಿದ್ದರೆ ಅದು ಬಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಅಥವಾ ಚೌಕಟ್ಟಿನಲ್ಲಿ ಬೆರಳಿಗೆ ತಗಲುವ ಡೆಂಟು ಇದ್ದರೆ ಸಿ. ಗಾಜು ಬಿರಿದಿದ್ದರೆ ಅಥವಾ ಚೌಕಟ್ಟು ಬಾಗಿದ್ದರೆ ಅದು ಡಿ, ಅದನ್ನು ಬೇರೆ ಲಾಟಿನಲ್ಲೇ ಮಾರಬೇಕು. ಮುಂಭಾಗದ ಗಾಜು, ಹಿಂಭಾಗ, ನಾಲ್ಕು ಬದಿಯ ಚೌಕಟ್ಟು, ಕ್ಯಾಮೆರಾದ ಗಾಜು, ಇವನ್ನು ಒಂದೊಂದಾಗಿ ನೋಡಬೇಕು. ಅವುಗಳಲ್ಲಿ ಅತ್ಯಂತ ಕೆಳಗಿನದು ಯಾವುದೋ ಅದೇ ಇಡೀ ಫೋನಿನ ದರ್ಜೆ. ಸರಾಸರಿ ತೆಗೆಯುವ ಪದ್ಧತಿಯನ್ನು ಕೆಲವರು ಇಟ್ಟುಕೊಂಡಿದ್ದಾರೆ, ಜಗಳಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಕಪ್ಪು ಬಣ್ಣದ ಒಂದು ಫೋನಿದೆ. ತೋಳಿನ ದೂರದಿಂದ ಅದರ ಮುಂಭಾಗ ಹೊಸದರಂತೆ ಕಾಣುತ್ತದೆ. ಕಿಟಕಿಯ ಕಡೆಗೆ ಓರೆ ಮಾಡಿದರೆ, ಹೆಬ್ಬೆರಳು ಸದಾ ಓಡಾಡುವ ಕೆಳಭಾಗದಲ್ಲಿ ಜೇಡರ ಬಲೆಯ ಎಳೆಯಂಥ ಎರಡು ಗೀರುಗಳು ಹೊಳೆದು ಮರೆಯಾಗುತ್ತವೆ. ಉಗುರು ಎಳೆದರೆ ನುಣ್ಣಗೆ ಜಾರುತ್ತದೆ. ಹಿಂಭಾಗ ಶುದ್ಧವಾಗಿದೆ. ಚಾರ್ಜಿಂಗ್ ಪೋರ್ಟಿನ ಬಲಗಡೆಯ ಮೂಲೆಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಬಣ್ಣ ಹಾರಿ ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿದೆ. ಮುಂಭಾಗಕ್ಕೆ ಎ, ಹಿಂಭಾಗಕ್ಕೆ ಎ, ಚೌಕಟ್ಟಿಗೆ ಬಿ. ಆದ್ದರಿಂದ ಫೋನು ಬಿ. ಇದನ್ನು ಎ ಎಂದು ಕೊಟ್ಟರೆ ಕೊಂಡವರು ಕವರ್ ಹಾಕಿ ಮಾರಿಬಿಡಬಹುದು, ಆದರೆ ಕವರ್ ತೆಗೆದ ದಿನ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಆ ಸಾಸಿವೆ ಕಾಳೇ.

ನಿಮ್ಮ ಲಾಟಿನ ಲೆಕ್ಕಕ್ಕೆ ಬರೋಣ. ಅದೇ ಮಾದರಿಯ ಬಿ ದರ್ಜೆಗೆ 5,400, ಸಿ ದರ್ಜೆಗೆ 4,300 ರೂಪಾಯಿ ನಡೆಯುತ್ತಿದೆ ಎಂದಿಟ್ಟುಕೊಂಡರೆ, 14 ಫೋನುಗಳಲ್ಲಿ ತಲಾ 800ರಂತೆ 11,200 ಮತ್ತು ಮೂರು ಫೋನುಗಳಲ್ಲಿ ತಲಾ 1,900ರಂತೆ 5,700, ಒಟ್ಟು 16,900 ರೂಪಾಯಿ ನೀವು ಹೆಚ್ಚಿಗೆ ಕೊಟ್ಟಂತಾಯಿತು. ಲಾಟನ್ನು ಹಿಂದಿರುಗಿಸುತ್ತೇನೆ ಎಂದು ಹಟ ಹಿಡಿಯುವುದಕ್ಕಿಂತ, ಈ 17 ಫೋನುಗಳ ಒಂದೊಂದು ಗೀರಿನ ಚಿತ್ರವನ್ನೂ ಐಎಂಇಐ, ಅಂದರೆ ಫೋನಿನ ಗುರುತು ಸಂಖ್ಯೆಯೊಂದಿಗೆ ತೆಗೆದು ಪಟ್ಟಿ ಮಾಡಿ ವ್ಯತ್ಯಾಸದ ಹಣವನ್ನು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮುಂದಿನ ಸಲ ಕೊಳ್ಳುವಾಗ, ನೂರಕ್ಕೆ ಎಷ್ಟು ಫೋನುಗಳು ದರ್ಜೆ ತಪ್ಪಿದರೆ ಸಹಿಸಬೇಕು, ಅದಕ್ಕಿಂತ ಹೆಚ್ಚಾದರೆ ಯಾರು ಎಷ್ಟು ಹಣ ಬಿಡಬೇಕು, ಎಷ್ಟು ದಿನಗಳೊಳಗೆ ತಕರಾರು ಹೇಳಬೇಕು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಸಾಚಾ ವ್ಯಾಪಾರಿಗಳು ಇದಕ್ಕೆ ಬೇಸರಪಡುವುದಿಲ್ಲ.

ಪ್ರಶ್ನೆ: ಪಿಂಪ್ರಿಯ ಒಂದು ಗೋದಾಮಿನಲ್ಲಿ ಹಳೆಯ ಫೋನುಗಳಿಗೆ ಗ್ರೇಡ್ ಹಾಕುವ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ನಾನು ಎ ಎಂದದ್ದನ್ನು ಪಕ್ಕದ ಮೇಜಿನವರು ಬಿ ಎನ್ನುತ್ತಾರೆ. ಬೆಳಿಗ್ಗೆ ನಾನೇ ಬಿ ಎಂದದ್ದು ಸಂಜೆಯ ಹೊತ್ತಿಗೆ ನನಗೇ ಎ ಎನಿಸುತ್ತದೆ. ಕಣ್ಣನ್ನು ಪಳಗಿಸುವುದು ಹೇಗೆ? – ಓದುಗರು, ಪಿಂಪ್ರಿ

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಮಾತು ನನಗೆ ಬಹಳ ಹಿಡಿಸಿತು, ಏಕೆಂದರೆ ತನ್ನ ಕಣ್ಣು ಸಂಜೆಗೆ ಬದಲಾಗುತ್ತದೆ ಎಂದು ಒಪ್ಪಿಕೊಳ್ಳುವವರು ಈ ಕೆಲಸದಲ್ಲಿ ಬೇಗ ಮುಂದೆ ಬರುತ್ತಾರೆ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯ ಅಟ್ಟದಲ್ಲಿ, ಹಳದಿ ಬಲ್ಬಿನ ಕೆಳಗೆ ರಾತ್ರಿ ಹನ್ನೊಂದರವರೆಗೆ ಕುಳಿತು 80 ಫೋನುಗಳಿಗೆ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ಅವನ್ನು ಕೊಳ್ಳಲು ಬಂದ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಒಂದೊಂದನ್ನೇ ಬಾಗಿಲ ಬಳಿ ಒಯ್ದು ಬಿಸಿಲಿಗೆ ಹಿಡಿದು, 80ರಲ್ಲಿ 23ನ್ನು ಬೇರೆ ತೆಗೆದಿಟ್ಟರು. ಆ 23ರಲ್ಲಿ ಒಂದರ ಬಗ್ಗೆಯೂ ವಾದಿಸಲು ನನ್ನಲ್ಲಿ ಮಾತಿರಲಿಲ್ಲ. ಅಂಥ ಹಳದಿ ಬಲ್ಬಿನ ಬೆಳಕಿನಲ್ಲಿ ಸಣ್ಣ ಗೀರುಗಳು ಕಣ್ಣಿಗೆ ತಪ್ಪಿಹೋಗುತ್ತವೆ ಎಂಬುದನ್ನು ನಾನು ಕಲಿತದ್ದು ಅಂದು.

ಆದ್ದರಿಂದ ಮೊದಲು ಬೆಳಕನ್ನು ಸರಿಮಾಡಿ. ಎಲ್ಲ ಮೇಜುಗಳ ಮೇಲೂ ಒಂದೇ ಬಗೆಯ ಬಿಳಿ ಎಲ್‌ಇಡಿ ದೀಪ ಇರಲಿ, ಕೆಳಗೆ ಕಪ್ಪು ರಬ್ಬರ್ ಮ್ಯಾಟ್ ಹಾಸಿರಲಿ. ಫೋನನ್ನು ಎದುರಿಗೆ ನೆಟ್ಟಗೆ ಹಿಡಿದು ನೋಡಿದ ಮೇಲೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ನಿಧಾನವಾಗಿ ಓರೆ ಮಾಡಿ, ದೀಪದ ಪ್ರತಿಬಿಂಬವು ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದುಹೋಗುವಂತೆ ಮಾಡಿ. ಆ ಪ್ರತಿಬಿಂಬದ ಅಂಚಿನಲ್ಲಿ ಕಣ್ಣಿಟ್ಟರೆ ಗೀರು ತಾನಾಗಿಯೇ ಕಾಣುತ್ತದೆ. ಆಮೇಲೆ ಪರದೆಯನ್ನು ಹೊತ್ತಿಸಿ ಪೂರ್ಣ ಬಿಳಿ, ಪೂರ್ಣ ಬೂದು ಬಣ್ಣಗಳನ್ನು ತುಂಬಿಸಿ ನೋಡಿ. ಒಎಲ್‌ಇಡಿ ಪರದೆಗಳಲ್ಲಿ ಕೀಬೋರ್ಡಿನ ಅಥವಾ ಮೇಲಿನ ಪಟ್ಟಿಯ ನೆರಳು ಉಳಿದುಬಿಟ್ಟಿರುವುದುಂಟು, ನಮ್ಮವರು ಅದನ್ನು ‘ಶೇಡ್’ ಎನ್ನುತ್ತಾರೆ. ಗಾಜು ಎಷ್ಟೇ ಶುದ್ಧವಾಗಿದ್ದರೂ ಶೇಡ್ ಇದ್ದ ಫೋನು ಎ ಆಗಲಾರದು.

ಒರೆಸುವ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮರಳಿನಲ್ಲಿರುವ ಕ್ವಾರ್ಟ್ಜ್ ಕಣದ ಗಡಸುತನ ಮೋಸ್ ಅಳತೆಯಲ್ಲಿ 7, ಫೋನಿನ ಗಾಜು ಸಾಮಾನ್ಯವಾಗಿ 6ರ ಹತ್ತಿರದಲ್ಲೇ ಗೀರು ತೆಗೆದುಕೊಳ್ಳತೊಡಗುತ್ತದೆ. ಧೂಳು ಕೂತ ಫೋನನ್ನು ಒಣಬಟ್ಟೆಯಿಂದ ಒತ್ತಿ ಒರೆಸಿದರೆ ದರ್ಜೆ ಕೊಡಬೇಕಾದವರೇ ದರ್ಜೆಯನ್ನು ಕೆಡಿಸಿದಂತಾಗುತ್ತದೆ. ಮೊದಲು ಮೆತ್ತನೆಯ ಕುಂಚದಿಂದ ಧೂಳು ಉದುರಿಸಿ, ಆಮೇಲೆ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ತೇವ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಟೆಂಪರ್ಡ್ ಗ್ಲಾಸ್ ಅಂಟಿಸಿದ ಫೋನು ಬಂದರೆ ಅದನ್ನು ಕಿತ್ತೇ ನೋಡಬೇಕು. ಅದರ ಅಂಟು ಸಣ್ಣ ಗೀರುಗಳೊಳಗೆ ತುಂಬಿಕೊಂಡು ಅವನ್ನು ಮರೆಮಾಡುತ್ತದೆ, ಕಿತ್ತ ಕೂಡಲೇ ಅಡಿಯಲ್ಲಿದ್ದದ್ದೆಲ್ಲ ಎದ್ದು ಬರುತ್ತದೆ.

ಇನ್ನು ನೀವೂ ಪಕ್ಕದ ಮೇಜಿನವರೂ ಒಂದೇ ಕಣ್ಣಿಗೆ ಬರುವ ಬಗೆ. ಎ, ಬಿ, ಸಿ ಒಂದೊಂದಕ್ಕೂ ಎರಡು ಮಾದರಿ ಫೋನುಗಳನ್ನು ಮಾಲಿಕರ ಒಪ್ಪಿಗೆಯಿಂದ ಆರಿಸಿ, ಮಾರದೆ ಮೇಜಿನ ಬಳಿ ಇಟ್ಟುಕೊಳ್ಳಿ. ಎರಡರಲ್ಲಿ ಒಂದು ಆ ದರ್ಜೆಯ ನಡುಮಟ್ಟದ್ದಾಗಿರಲಿ, ಮತ್ತೊಂದು, ಇನ್ನೂ ಒಂದೇ ಒಂದು ಗೀರು ಬಿದ್ದರೂ ಕೆಳಗಿನ ದರ್ಜೆಗೆ ಇಳಿಯುವಂಥದ್ದಾಗಿರಲಿ. ಅನುಮಾನ ಬಂದಾಗ ನೆನಪನ್ನು ನಂಬದೆ ಅದರ ಪಕ್ಕದಲ್ಲಿಟ್ಟು ಹೋಲಿಸಿ. ದಿನಕ್ಕೊಮ್ಮೆ ನೀವು ದರ್ಜೆ ಕೊಟ್ಟ ಹತ್ತು ಫೋನುಗಳ ಚೀಟಿಯನ್ನು ಮುಚ್ಚಿ ಅವರಿಗೆ ಕೊಡಿ, ಅವರ ಹತ್ತನ್ನು ನೀವು ತೆಗೆದುಕೊಳ್ಳಿ, ಹೊಂದದೆ ಉಳಿದವನ್ನು ಇಬ್ಬರೂ ಸೇರಿ ನೋಡಿ. ಸಂಜೆಯ ತೊಂದರೆಗೆ ವಿರಾಮವೊಂದೇ ಮದ್ದು; ಒಂದು ಗಂಟೆ ನೋಡಿದ ಮೇಲೆ ಐದು ನಿಮಿಷ ಹೊರಗಿನ ಮರಗಿಡಗಳತ್ತ ಕಣ್ಣು ಹಾಯಿಸಿ ಬನ್ನಿ.

ಪ್ರಶ್ನೆ: ವಾಸ್ಕೋದಲ್ಲಿ ನನ್ನ ಅಂಗಡಿ. ಮುಂಬಯಿಯಿಂದ ಬರುವ ಲಾಟುಗಳಲ್ಲಿ ಹಿಂಭಾಗದ ಪ್ಯಾನೆಲ್ ಬದಲಿಸಿದ, ಪಾಲಿಷ್ ಮಾಡಿದ ಫೋನುಗಳು ಎ ಗ್ರೇಡಿನಲ್ಲಿ ಬರುತ್ತಿವೆ. ನೋಡಲು ಚೆನ್ನಾಗಿಯೇ ಇವೆ. ಇವನ್ನು ಎ ಎನ್ನಬಹುದೇ? – ಓದುಗರು, ವಾಸ್ಕೋ

ಉತ್ತರ: ಎನ್ನಬಾರದು. ಹೊರನೋಟದ ದರ್ಜೆಯು ಆ ಫೋನು ಹೇಗೆ ಬಳಕೆಯಾಗಿದೆ ಎಂಬುದಕ್ಕೆ ಸಾಕ್ಷಿಯೂ ಹೌದು. ಪ್ಯಾನೆಲ್ ಬದಲಾದರೆ ಆ ಸಾಕ್ಷಿಯೇ ಇಲ್ಲವಾಗುತ್ತದೆ. ಹೌಸಿಂಗ್, ಅಂದರೆ ಹೊರಕವಚ ಬದಲಿಸಿ ಮಾರುವುದರಲ್ಲಿ ತಪ್ಪಿಲ್ಲ, ಹಾಗೆಂದು ಚೀಟಿಯಲ್ಲಿ ಬರೆದು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಟ್ಟರೆ ಸಾಕು. ಬಿಚ್ಚಿದ ಫೋನಿನ ಅಂಚಿನ ಅಂಟನ್ನು ಸರಿಯಾಗಿ ಮತ್ತೆ ಹಾಕದಿದ್ದರೆ ಕಂಪನಿ ಹೇಳಿದ ನೀರು ತಡೆಯುವ ಗುಣವೂ ಉಳಿದಿರುವುದಿಲ್ಲ, ಗೋವಾದ ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಗುರುತಿಸುವುದು ಕಷ್ಟವೇನಲ್ಲ. ಚೌಕಟ್ಟಿಗೂ ಹಿಂಭಾಗದ ಗಾಜಿಗೂ ನಡುವಿನ ಸಂದಿನ ಮೇಲೆ ಉಗುರನ್ನು ಸುತ್ತಲೂ ಓಡಿಸಿ. ಒಂದು ಕಡೆ ಸಮನಾಗಿದ್ದು ಇನ್ನೊಂದು ಕಡೆ ಮೆಟ್ಟಿಲಿನಂತೆ ತಡೆದರೆ ಬಿಚ್ಚಿದ ಫೋನು. ಕ್ಯಾಮೆರಾದ ಸುತ್ತ ಅಂಟಿನ ಗೆರೆ, ಮಸುಕಾಗಿ ಅಚ್ಚಾದ ಸಣ್ಣ ಅಕ್ಷರಗಳು, ಕೆಳಗಿನ ಸ್ಕ್ರೂಗಳ ತಲೆಯ ಮೇಲೆ ತಿರುಗಿಸಿದ ಗುರುತು, ಇವನ್ನೂ ಗಮನಿಸಿ. ಐಫೋನಾದರೆ ಐಒಎಸ್ 15.2ರಿಂದ ಈಚೆಗೆ, ಸೆಟ್ಟಿಂಗ್ಸ್‌ನ ‘ಅಬೌಟ್’ ಭಾಗದಲ್ಲಿ ಬ್ಯಾಟರಿ, ಪರದೆ, ಕ್ಯಾಮೆರಾಗಳನ್ನು ಬದಲಿಸಿದ್ದರೆ ಅದು ಮಾದರಿಗೆ ತಕ್ಕಂತೆ ಕಾಣಿಸುತ್ತದೆ. ಪಾಲಿಷ್ ಮಾಡಿದ ಗಾಜನ್ನು ಪತ್ತೆಮಾಡಲು ಒಂದು ಹನಿ ನೀರು ಸಾಕು. ಬೆರಳಚ್ಚು ಅಂಟದಂತೆ ಕಂಪನಿಯವರು ಹಾಕಿದ ಲೇಪ ಉಳಿದಿದ್ದರೆ ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ, ಲೇಪ ಹೋಗಿದ್ದರೆ ಚಪ್ಪಟೆಯಾಗಿ ಹರಡುತ್ತದೆ. ಬಹಳ ದಿನ ಬಳಸಿದ ಫೋನಿನಲ್ಲೂ ಲೇಪ ಸವೆದಿರುತ್ತದೆ ಎಂಬುದು ನಿಜ. ಆದರೆ ಲೇಪ ಪೂರ್ತಿ ಹೋಗಿದ್ದೂ ಒಂದೇ ಒಂದು ಗೀರಿಲ್ಲದ ಗಾಜನ್ನು ನಾನು ನಂಬುವುದಿಲ್ಲ.

ಕಡಲ ತೀರದ ಊರಾದ್ದರಿಂದ ಟಾರ್ಚ್ ಹಿಡಿದು ಚಾರ್ಜಿಂಗ್ ಪೋರ್ಟಿನೊಳಗೂ ನೋಡಿ. ಅಲ್ಲಿ ಹಸಿರು ಅಥವಾ ಬಿಳಿ ಕಿಲುಬು ಹಿಡಿದಿದ್ದರೆ, ಸಿಮ್ ಟ್ರೇ ಜಾಗದಲ್ಲಿ ನೀರಿನ ಗುರುತುಪಟ್ಟಿಯುಳ್ಳ ಮಾದರಿಗಳಲ್ಲಿ ಆ ಪಟ್ಟಿ ಕೆಂಪಾಗಿದ್ದರೆ, ಹೊರಮೈಯ ದರ್ಜೆ ಏನೇ ಇದ್ದರೂ ಬೇರೆ ತೆಗೆದಿಡಿ. ಸಮತಟ್ಟಾದ ಗಾಜಿನ ಮೇಲೆ ಫೋನನ್ನು ಮಲಗಿಸಿದಾಗ ಅದು ತೊಟ್ಟಿಲಿನಂತೆ ತೂಗಿದರೆ ಅಥವಾ ಪರದೆ ಒಂದು ಬದಿಯಲ್ಲಿ ಎದ್ದಿದ್ದರೆ, ಬ್ಯಾಟರಿ ಉಬ್ಬಿರಬಹುದು ಎಂದು ತಿಳಿಯಿರಿ. ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೆ ಹಾಕಬೇಡಿ, ಯಾವ ದರ್ಜೆಯನ್ನೂ ಕೊಡಬೇಡಿ.

ಪ್ರಶ್ನೆ: ಪುಣೆಯ ಬುಧವಾರ ಪೇಠೆಯಲ್ಲಿ ವ್ಯಾಪಾರ ಮಾಡುತ್ತೇನೆ. ಹತ್ತು ಫೋನುಗಳನ್ನು ಮಾದರಿಯಾಗಿ ತೋರಿಸಿ 200ರ ಲಾಟು ಕೊಟ್ಟರು, ಉಳಿದವು ಮಾದರಿಯಂತಿಲ್ಲ. ಗ್ರಾಹಕರ ವೇದಿಕೆಗೆ ಹೋಗಬಹುದೇ? – ಓದುಗರು, ಪುಣೆ

ಉತ್ತರ: ಗ್ರಾಹಕರ ವೇದಿಕೆಯ ದಾರಿ ನಿಮಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮರುಮಾರಾಟಕ್ಕಾಗಿ ಸರಕು ಕೊಂಡವರನ್ನು ಗ್ರಾಹಕರೆಂದು ಗಣಿಸುವುದಿಲ್ಲ. ಆದರೆ 1930ರ ಸರಕು ಮಾರಾಟ ಕಾಯ್ದೆ ನಿಮ್ಮ ಪರವಾಗಿದೆ. ಮಾದರಿ ತೋರಿಸಿ ಮಾರಿದಾಗ ಇಡೀ ಸರಕು ಗುಣದಲ್ಲಿ ಮಾದರಿಗೆ ಹೊಂದಬೇಕು, ಎರಡನ್ನೂ ಹೋಲಿಸಿ ನೋಡಲು ಕೊಂಡವರಿಗೆ ತಕ್ಕ ಅವಕಾಶ ಇರಬೇಕು ಎಂದು ಅದರ 17ನೆಯ ಕಲಮು ಹೇಳುತ್ತದೆ. ಮಾದರಿಯ ಜೊತೆಗೆ ವಿವರಣೆಯನ್ನೂ ಕೊಟ್ಟಿದ್ದರೆ ಎರಡಕ್ಕೂ ಹೊಂದಬೇಕು ಎಂದು 15ನೆಯ ಕಲಮು ಹೇಳುತ್ತದೆ. ನಾನು ಮೊದಲ ಉತ್ತರದಲ್ಲಿ ದರ್ಜೆಯ ವಿವರಣೆಯನ್ನು ಬರೆಸಿಕೊಳ್ಳಿ ಎಂದದ್ದಕ್ಕೆ ಇದೂ ಒಂದು ಕಾರಣ: ಬರೀ ‘ಎ’ ಎಂದು ಬರೆದ ಬಿಲ್ಲನ್ನು ಹಿಡಿದು ಏನನ್ನು ಯಾವುದಕ್ಕೆ ಹೋಲಿಸಿ ತೋರಿಸುತ್ತೀರಿ?

ಎರಡು ತಪ್ಪುಗಳನ್ನು ಮಾಡದಿರಿ. ಮೊದಲನೆಯದು, ತಡ ಮಾಡುವುದು. ತಕ್ಕ ಕಾಲ ಕಳೆದರೂ ಬೇಡವೆಂದು ತಿಳಿಸದೆ ಮಾಲನ್ನು ಇಟ್ಟುಕೊಂಡರೆ ನೀವು ಒಪ್ಪಿಕೊಂಡಂತೆಯೇ ಎಂದು 42ನೆಯ ಕಲಮು ಹೇಳುತ್ತದೆ, ಆದ್ದರಿಂದ ಲಾಟು ಬಂದ ಒಂದೆರಡು ದಿನಗಳಲ್ಲೇ ನೋಡಿ ಮುಗಿಸಿ ಬರಹದಲ್ಲಿ ತಿಳಿಸಿ. ಎರಡನೆಯದು, ಚೆನ್ನಾಗಿರುವ ಫೋನುಗಳನ್ನು ಮಾರಿ ಉಳಿದವನ್ನು ವಾಪಸು ಮಾಡಲು ಹೊರಡುವುದು. ಇಡೀ ಲಾಟಿಗೆ ಒಂದೇ ವ್ಯವಹಾರವಾಗಿದ್ದು ಅದರಲ್ಲಿ ಸ್ವಲ್ಪವನ್ನು ನೀವು ಒಪ್ಪಿಕೊಂಡರೆ, ಸಾಮಾನ್ಯವಾಗಿ ಲಾಟನ್ನು ತಿರಸ್ಕರಿಸುವ ಹಕ್ಕು ಹೋಗಿ ನಷ್ಟಪರಿಹಾರ ಕೇಳುವ ಹಕ್ಕಷ್ಟೇ ಉಳಿಯುತ್ತದೆ. ಮೊತ್ತ ದೊಡ್ಡದಾಗಿದ್ದರೆ ನೋಟಿಸು ಕೊಡುವ ಮೊದಲೇ ಒಬ್ಬ ವಕೀಲರನ್ನು ಕಾಣಿ. ಆ ಹತ್ತು ಮಾದರಿ ಫೋನುಗಳ ಐಎಂಇಐ ಸಂಖ್ಯೆಗಳನ್ನು ಬರೆದಿಟ್ಟುಕೊಂಡಿದ್ದರೆ ನಿಮ್ಮ ಕೆಲಸ ಅರ್ಧ ಹಗುರವಾಗುತ್ತದೆ.

ಪ್ರಶ್ನೆ: ಲಾಟಿನಲ್ಲಿ ಕದ್ದ ಫೋನು ಸೇರಿಕೊಂಡಿದ್ದರೆ ತಿಳಿಯುವುದು ಹೇಗೆ? – ಓದುಗರು, ಕಲ್ಯಾಣ

ಉತ್ತರ: ದರ್ಜೆ ನೋಡುವ ಮೊದಲೇ ಈ ಪರೀಕ್ಷೆ ಆಗಬೇಕು. ಫೋನಿನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಪರೀಕ್ಷಿಸಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಕದ್ದ, ಕಳೆದ ಫೋನುಗಳನ್ನು ಐಎಂಇಐ ಮೂಲಕ ಗುರುತಿಸಿ ತಡೆಯುವ, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆ 2019ರ ಸೆಪ್ಟೆಂಬರಿನಲ್ಲಿ ಪ್ರಯೋಗವಾಗಿ ಮೊದಲು ಆರಂಭವಾದದ್ದು ನಮ್ಮ ಮಹಾರಾಷ್ಟ್ರದಲ್ಲೇ. 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಪೋರ್ಟಲ್ ಮೂಲಕ ಇಡೀ ದೇಶಕ್ಕೆ ಲಭ್ಯವಿದೆ.

ಉತ್ತರದಲ್ಲಿ ‘ಬ್ಲ್ಯಾಕ್‌ಲಿಸ್ಟೆಡ್’, ‘ಡುಪ್ಲಿಕೇಟ್’ ಅಥವಾ ‘ಆಲ್ರೆಡಿ ಇನ್ ಯೂಸ್’ ಎಂದು ಬಂದರೆ ಆ ಫೋನನ್ನು ಕೊಳ್ಳಬೇಡಿ. ಲಾಟು ಕೈಸೇರಿದ ಮೇಲೆ ಗೊತ್ತಾದರೆ ಮಾರಿದವರಿಗೆ ಹಿಂದಿರುಗಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ, ಏಕೆಂದರೆ ಅದು ಮತ್ತೊಬ್ಬರ ಲಾಟಿಗೆ ಹೋಗುತ್ತದೆ. ಕದ್ದದ್ದೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಕೊಂಡ ಬಿಲ್ಲು, ಲಾಟಿನ ಪಟ್ಟಿ, ಎಸ್‌ಎಂಎಸ್ ಉತ್ತರದ ಚಿತ್ರ ಇವುಗಳೊಂದಿಗೆ ಫೋನನ್ನು ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ, ಆಮೇಲೆ ಆ ರಸೀದಿಯ ಪ್ರತಿಯನ್ನು ಇಟ್ಟು ಮಾರಿದವರಿಂದ ಹಣ ಕೇಳಿ.